ಕಾಪು ದೀಪಸ್ತಂಭದ ಬುಡದಿಂದ ಮರಳಿದ್ದು

ಮೇ ತಿಂಗಳ ಒಂದು ಶನಿವಾರ, ಬೆಳಿಗ್ಗೆ ಏಳೂವರೆಯ ಬಸ್ಸಿಗೆ ದೊಡ್ಡಮ್ಮನೂ ನಾನೂ ಕಾರ್ಕಳದಿಂದ ಹೊರಟೆವು. ಮಣಿಪಾಲದಲ್ಲಿ ಅವರ ಕಣ್ಣು ತೋರಿಸುವುದಿತ್ತು. ನಲವತ್ತು ವರ್ಷ ಬೀಡಿ ಕಟ್ಟಿದವರು. ಅಕ್ಕಪಕ್ಕದ್ದು ಕಾಣದಾಗಿ, ದಾರಿಯುದ್ದಕ್ಕೂ ಕತ್ತನ್ನೇ ತಿರುಗಿಸಿ ಕಿಟಕಿಯಾಚೆ ನೋಡುತ್ತಿದ್ದರು.

"ಕಣ್ಣಿನ ನರ ಸೋತಿದೆ. ಹೋದ ದೃಷ್ಟಿ ಬರುವುದಿಲ್ಲ, ಉಳಿದದ್ದೂ ಎಷ್ಟು ದಿನವೋ" ಎಂದರು ಡಾಕ್ಟರು. ಹೊರಗೆ ಬಂದ ಮೇಲೆ ದೊಡ್ಡಮ್ಮ ನನ್ನ ಕೈ ಹಿಡಿದರು.

"ಹಾಗಾದರೆ ಇವತ್ತೇ ಕಾಪುವಿಗೆ ಹೋಗುವ ಮಗಾ. ಲೈಟ್‌ಹೌಸ್ ಹತ್ತಬೇಕು."

ದೊಡ್ಡಪ್ಪ ಬೊಂಬಾಯಿಯ ಹೋಟೆಲಿನಲ್ಲಿದ್ದವರು. ಮೊದಲ ಸಲ ಹಡಗಿನಲ್ಲಿ ಹೋಗುವಾಗ ಊರಿನದೆಂದು ಕೊನೆಗೆ ಕಂಡದ್ದು ಕಾಪುವಿನ ದೀಪ ಎಂದು ಹೇಳುತ್ತಿದ್ದರಂತೆ. ಆ ದೀಪದ ಬಳಿಯಿಂದ ಕಡಲು ನೋಡಬೇಕೆಂಬುದು ದೊಡ್ಡಮ್ಮನ ಹಳೆಯ ಆಸೆ.

ಮಳೆಗಾಲಕ್ಕೆ ಮುಂಚಿನ ಗುಡುಗು ಮಳೆಯ ಜಾಡು ಹಿಡಿಯುವುದು ಆಗ ನನ್ನ ಹುಚ್ಚು. ನಮ್ಮ ಕರಾವಳಿಯ ರಾಡಾರ್ ಚಿತ್ರ ಇಂಟರ್ನೆಟ್ಟಿನಲ್ಲಿ ಸಿಗುತ್ತಿರಲಿಲ್ಲ. ಉಪಗ್ರಹ ತೆಗೆದ ಮೋಡದ ಚಿತ್ರವೇ ಗತಿ. ದೊಡ್ಡಮ್ಮನನ್ನು ಬೆಂಚಿನಲ್ಲಿ ಕೂರಿಸಿ ಪಕ್ಕದ ಸೈಬರ್ ಕೆಫೆಗೆ ಹೋದೆ. ಪರದೆಯಲ್ಲಿ ಘಟ್ಟದಿಂದ ಕಡಲಿನವರೆಗೆ ದೊಡ್ಡ ಬಿಳಿ ಮುದ್ದೆ. ಪ್ರಿಂಟ್ ತೆಗೆಸಿ ಕಿಸೆಗೆ ಹಾಕಿಕೊಂಡೆ.

ಉಡುಪಿಯಲ್ಲಿ ಊಟ ಮಾಡಿ ಬಸ್ಸು ಹಿಡಿದೆವು. ಹದಿಮೂರು ಕಿಲೋಮೀಟರು, ಉದ್ಯಾವರ ದಾಟುವಷ್ಟರಲ್ಲಿ ಸೆಕೆಗೆ ಅಂಗಿ ಬೆನ್ನಿಗಂಟಿತ್ತು. ಕಾಪುವಿನಲ್ಲಿ ದೀಪಸ್ತಂಭ ನಿಂತ ಬಂಡೆಯ ಬುಡ ಮುಟ್ಟಿದಾಗ ಮೂರೂವರೆ.

"ನಾಲ್ಕು ಗಂಟೆಗೆ ಬಿಡ್ತೇವೆ, ಕೂತ್ಕೊಳ್ಳಿ" ಎಂದ ಕಾವಲುಗಾರ.

ಪೂರ್ವದಲ್ಲೊಂದು ತುಂಡು ಕಪ್ಪು ಮೋಡ ಕಂಡಿತು. ನನಗೆ ಅಷ್ಟೇ ಸಾಕಾಯಿತು. "ಬೇಡ ದೊಡ್ಡಮ್ಮ, ದೊಡ್ಡ ಗಾಳಿಮಳೆ ಬರ್ತಾ ಉಂಟು. ಸಿಡಿಲಿಗೆ ಈ ಎತ್ತರವೇ ಮೊದಲು."

"ಎಂತ ಮಳೆ ಮಾರಾಯ್ರೆ? ಈ ಗಾಳಿಗೆ ಇವತ್ತು ಬರುವುದಿಲ್ಲ" ಎಂದು ಕಾವಲುಗಾರ ನಕ್ಕ.

ನಾನು ಪ್ರಿಂಟ್ ಬಿಡಿಸಿ ಆ ಬಿಳಿ ಮುದ್ದೆಯನ್ನು ಅವನ ಮುಖಕ್ಕೆ ಹಿಡಿದೆ. ದೊಡ್ಡಮ್ಮ ತಲೆಯೆತ್ತಿ ಮೇಲಿನವರೆಗೂ ನೋಡಿದರು. "ನೀನು ಓದಿದವ. ನೋಡಿಯೇ ಹೇಳ್ತಿ ಅಲ್ವಾ" ಎಂದು, ಹತ್ತಲೆಂದು ಬಿಚ್ಚಿಟ್ಟಿದ್ದ ಚಪ್ಪಲಿ ಮೆಟ್ಟಿಕೊಂಡರು.

ಉಡುಪಿ ಬಸ್‌ಸ್ಟ್ಯಾಂಡಿಗೆ ಬಂದಾಗ ನಾಲ್ಕೂವರೆ. ಆಕಾಶ ತಿಳಿಯಾಗಿತ್ತು. ಬೀಸಿಕೊಳ್ಳಲೆಂದು ಕಾಗದ ತೆಗೆದವನು ಚಿತ್ರದ ಅಡಿಯಲ್ಲಿದ್ದ ಸಣ್ಣ ಅಕ್ಷರಗಳನ್ನು ಓದಿದೆ. ತಾರೀಖು ನಿನ್ನೆಯದು. ಯಾರೋ ಹಿಂದಿನ ದಿನ ತೆರೆದಿದ್ದ ಪುಟವನ್ನೇ ಆ ಕಂಪ್ಯೂಟರು ತೋರಿಸಿತ್ತು. ಅದನ್ನು ಹೊಸದಾಗಿ ತೆರೆದು ನೋಡಬೇಕೆಂದು ನನಗೆ ಹೊಳೆದಿರಲಿಲ್ಲ.

ಎದುರಿಗೇ ಕಂಡಕ್ಟರನೊಬ್ಬ "ಕಾಪು, ಪಡುಬಿದ್ರಿ" ಎಂದು ಕೂಗುತ್ತಿದ್ದ. ಇನ್ನೂ ಹೊತ್ತಿತ್ತು. "ತಪ್ಪಾಯಿತು, ತಿರುಗಿ ಹೋಗುವ" ಎನ್ನಲು ನಾಚಿಕೆಯಾಯಿತು. ಕಾಗದವನ್ನು ಮುದುಡಿ ಕಿಸೆಗೆ ತುರುಕಿ, ದೊಡ್ಡಮ್ಮನನ್ನು ಕಾರ್ಕಳದ ಬಸ್ಸು ಹತ್ತಿಸಿದೆ.

"ಇನ್ನೊಮ್ಮೆ ಬರುವ" ಎಂದಿದ್ದೆ. ಮುಂದಿನ ಭಾನುವಾರ ಮದುವೆ, ಆಮೇಲೆ ಇನ್ನೇನೋ ಕೆಲಸ, ಆಮೇಲೆ ಜೂನಿನ ಮಳೆ. ನವರಾತ್ರಿಯ ಹೊತ್ತಿಗೆ ದೊಡ್ಡಮ್ಮನಿಗೆ ಬೆಳಕು ಕತ್ತಲು ಮಾತ್ರ ತಿಳಿಯುತ್ತಿತ್ತು.

ಅವತ್ತು ಮಳೆ ಯಾಕೆ ಬರಲಿಲ್ಲವೆಂದು ಅವರು ನನ್ನನ್ನು ಒಮ್ಮೆಯೂ ಕೇಳಲಿಲ್ಲ. "ಕಡಲಲ್ಲೇ ಸುರಿದು ಹೋಗಿರಬೇಕು" ಎಂದು ನೆರೆಯವರಿಗೆ ತಾವೇ ಸಮಾಧಾನ ಹೇಳುತ್ತಿದ್ದರು. ನಾನು ಪಕ್ಕದಲ್ಲೇ ಕೂತಿರುತ್ತಿದ್ದೆ. ಈಗಲೂ ಬಟ್ಟೆ ಹರವುವ ಮೊದಲು ಬಾಗಿಲ ಚೌಕಟ್ಟು ಹಿಡಿದು ನಿಂತು ನನ್ನನ್ನೇ ಕೂಗುತ್ತಾರೆ:

"ಮಗಾ, ಇವತ್ತು ಮಳೆ ಉಂಟಾ, ಸ್ವಲ್ಪ ನೋಡಿ ಹೇಳು."