ಖಂಡೇನವಮಿಯಂದು ಬಿಗಿಯದ ನಟ್ಟು

ನಾನು ಚಿಕ್ಕವನಿದ್ದಾಗ ನಮ್ಮ ಮನೆಯ ರೊಟ್ಟಿಗೂ ಪೆಟ್ರೋಲಿನ ವಾಸನೆ ಇರುತ್ತಿತ್ತು. ಬಾಗಲಕೋಟೆ ಕಡೆಯಿಂದ ಬಂದ ಅಪ್ಪ ಹೈದರಾಬಾದಿನ ಹಿಮಾಯತ್‌ನಗರದಲ್ಲಿ ಕಾರು ರಿಪೇರಿ ಮಾಡುತ್ತಿದ್ದ. ಎಷ್ಟು ಸೋಪು ತಿಕ್ಕಿದರೂ ಆ ವಾಸನೆ ಅವನ ಬೆರಳು ಬಿಡುತ್ತಿರಲಿಲ್ಲ.

ನಮ್ಮ ಗಲ್ಲಿಯ ತುದಿಯ ಹಳೇ ಬಂಗಲೆಯಲ್ಲಿ ಒಬ್ಬ ಸಾಹೇಬರಿದ್ದರು. ಅವರ ತಾತ ತರಿಸಿದ್ದ ಇಟಲಿಯ ಕಾರೊಂದು ಅಲ್ಲಿ ಧೂಳು ತಿನ್ನುತ್ತ ನಿಂತಿತ್ತು. ಆ ದೇಶದಲ್ಲಿ ಕೆಲವು ಸಿರಿವಂತ ಗೆಳೆಯರು ಕೂಡಿ ಕಾರ್ಖಾನೆ ತೆಗೆದ ಹೊಸದರಲ್ಲಿ, ಒಂದೊಂದನ್ನೂ ಕೈಯಿಂದಲೇ ಜೋಡಿಸಿದ ಕಾರುಗಳಲ್ಲಿ ಅದೂ ಒಂದಂತೆ. ನೋಡಲು ಕುದುರೆ ಬಿಚ್ಚಿಟ್ಟ ಟಾಂಗಾ. ಹಿಂದಕ್ಕೆ ಹೋಗುವ ಗೇರೇ ಇಲ್ಲ, ಇಳಿದು ನೂಕಬೇಕು. ಒಳಗೆ ಕೂರುವವರು ಮುಖಕ್ಕೆ ಮುಖ ಕೊಟ್ಟು ಕೂರಬೇಕು.

"ಎದುರುಬದುರು ಕುಂತ್ರ ಜಗಳಾ ಆಡಾಕ ಭಾಳ ಚಲೋ ಆಕ್ಕೈತಿ," ಎಂದು ಅಕ್ಕ ನನ್ನನ್ನು ಚಿವುಟಿದಳು.

ಬಂಗಲೆ ಮಾರಾಟವಾಗಿತ್ತು. ದಸರೆಯ ದಿನ ಸಾಹೇಬರು ಮನೆ ಬಿಡಬೇಕಿತ್ತು. ಅಂದೇ ಮುಂಬೈಯ ಸೇಠರೊಬ್ಬರು ಕಾರು ನೋಡಲು ಬರುವವರಿದ್ದರು. ಓಡಿದರೆ ಅವರಿಗೆ, ಇಲ್ಲವಾದರೆ ಗುಜರಿಯವನಿಗೆ. ಅಪ್ಪ ಮಳೆಗಾಲವಿಡೀ ಅದರ ಜೊತೆ ಏಗಿದ. ಎಲ್ಲೂ ಸಿಗದ ಬಿಡಿಭಾಗಗಳನ್ನು ಅರದಲ್ಲಿ ಉಜ್ಜಿ ಉಜ್ಜಿ ತಾನೇ ಮಾಡಿದ. ಕೊನೆಗೆ ಪೆಟ್ರೋಲ್ ನಳಿಕೆಯ ಒಂದೇ ಒಂದು ನಟ್ಟು ಬಿಗಿಯುವುದು ಉಳಿಯಿತು. ಆ ನಟ್ಟನ್ನು ಉಜ್ಜಿ ತಯಾರು ಮಾಡುವಷ್ಟರಲ್ಲಿ ಹೊತ್ತು ಮುಳುಗಿತ್ತು; ಪೆಟ್ರೋಲಿನ ಹತ್ತಿರ ದೀಪ ಹಿಡಿಯುವಂತಿರಲಿಲ್ಲ, ದಸರೆಯ ಮುಂಜಾನೆ ಬಿಗಿದರಾಯಿತು ಎಂದು ಅಪ್ಪ ಅದನ್ನು ಜೇಬಿಗಿಟ್ಟ. ಮರುದಿನ ಖಂಡೇನವಮಿ.

ಅಂದು ಕಸುಬಿನ ಸಾಮಾನು ದೇವರ ಮುಂದಿಟ್ಟು ಪೂಜಿಸಿದರೆ, ದಸರೆಯ ಮುಂಜಾನೆಯವರೆಗೆ ಯಾರೂ ಮುಟ್ಟುವಂತಿಲ್ಲ. ಅಪ್ಪ ನಟ್ಟು ಬಿಗಿಯುವ ಪಾನಾಗಳನ್ನೆಲ್ಲ ತೊಳೆದು ಸಾಲಾಗಿಟ್ಟು, ಕುಂಕುಮ ಹಚ್ಚಿ, ಚೆಂಡುಹೂ ಏರಿಸಿದ್ದ. ಊದಿನಕಡ್ಡಿಯ ಹೊಗೆ ಮನೆ ತುಂಬಿತ್ತು. ಆಗ ಸಾಹೇಬರು ಬರಿಗಾಲಲ್ಲೇ ಓಡಿಬಂದರು. ಸೇಠರು ಒಂದು ದಿನ ಮೊದಲೇ ಬಂದಿದ್ದರು. ಸಂಜೆಯ ರೈಲಿಗೆ ಹೊರಡುವವರಿದ್ದರು.

"ಏಕ್ ನಟ್ ಹೈ, ಮಿಸ್ತ್ರೀ!" ಒಂದೇ ನಟ್ಟು ತಾನೇ ಎಂದು ಸಾಹೇಬರು ಗೋಗರೆದರು.

"ಆಜ್ ನಕ್ಕೋ, ಸಾಬ್," ಇವತ್ತೊಂದು ದಿನ ಬೇಡ ಎಂದು ಅಪ್ಪ ಕೈಮುಗಿದ.

ಎದುರಂಗಡಿಯಿಂದ ಬೇರೆ ಪಾನಾ ತರಿಸುತ್ತೇನೆ ಎಂದರು ಸಾಹೇಬರು. ಅಪ್ಪ ತಲೆ ಅಲ್ಲಾಡಿಸಿದ. ಅಕ್ಕನಿಗೆ ತಡೆಯಲಾಗಲಿಲ್ಲ. "ಒಂದು ನಟ್ಟಲ್ಲೇನಪಾ? ಅಷ್ಟರ ಮಟ್ಟಿಗೆ ದೇವರು ಕಣ್ಣ ಮುಚ್ಚಿಕೋತಾನ, ಹೋಗು."

"ಯಾರ ಪಾನಾ ಆದ್ರೂ ಪಾನಾನ. ವರ್ಷೆಲ್ಲಾ ನಮಗ ಅನ್ನಾ ಹಾಕ್ತೈತಿ, ಒಂದಿನ ಕುಂಡ್ರಲಿ ಬಿಡವಾ." ಇನ್ನೊಬ್ಬರಿಂದ ಬಿಗಿಸೋಣವೆಂದರೆ ಆ ಎಂಜಿನ್ನು ಬೇರೆ ಯಾರ ಕೈಗೂ ಪಳಗಿರಲಿಲ್ಲ.

ಸೇಠರು ರೈಲು ಹತ್ತಿದರು. ಗುಜರಿಯವರಿಗೆ ಯಾವ ನವಮಿ? ಸಂಜೆಯೇ ಬಂದರು. ಸುತ್ತಿಗೆಯ ಸದ್ದು ನಮ್ಮ ಮನೆಯವರೆಗೂ ಕೇಳುತ್ತಿತ್ತು. ಆ ಹೊತ್ತು ಯಾರೂ ಉಣ್ಣಲಿಲ್ಲ. ಬೆಳಕು ಹರಿಯುತ್ತಲೇ ಅಪ್ಪ ಬಂಗಲೆಗೆ ಹೋದ, ಹಿಂದೆ ನಾನು. ಅಂಗಳದಲ್ಲಿ ತುಂಡು ಕಬ್ಬಿಣದ ರಾಶಿ. ಅಪ್ಪ ಜೇಬಿನಿಂದ ಆ ನಟ್ಟು ತೆಗೆದು ರಾಶಿಯ ಮೇಲಿಟ್ಟು ಬಂದ. ಆಮೇಲೆ ಎಷ್ಟೋ ಕಾರು ರಿಪೇರಿ ಮಾಡಿದ, ಆದರೆ ಬಿಡಿಭಾಗಗಳನ್ನು ತಾನೇ ಉಜ್ಜಿ ಮಾಡುವುದನ್ನು ಬಿಟ್ಟೇಬಿಟ್ಟ.

ಮೊಮ್ಮಕ್ಕಳೇ, ನಿಮ್ಮ ಕಾರು ಕೆಟ್ಟರೆ ಫೋನು ಒತ್ತಿದ ಕೂಡಲೇ ಯಾರೋ ಬರುತ್ತಾರೆ, ಹಬ್ಬವೋ ಹುಣ್ಣಿಮೆಯೋ ಕೇಳುವುದಿಲ್ಲ. ಮೊನ್ನೆ ಖಂಡೇನವಮಿಗೆ ಮಾದಾಪುರದ ನಿಮ್ಮ ಮನೆಯಲ್ಲಿ ನಿಮ್ಮಪ್ಪ ಲ್ಯಾಪ್‌ಟಾಪಿಗೆ ಕುಂಕುಮವಿಟ್ಟ. ಆರತಿ ಆರುವ ಮೊದಲೇ ಅದನ್ನು ತೆರೆದು ಆಫೀಸಿನ ಕೆಲಸಕ್ಕೆ ಕುಳಿತ. ನೀವು ನನ್ನ ಮುಖ ನೋಡಿದಿರಿ. ನನಗೆ ಆ ಸುತ್ತಿಗೆಯ ಸದ್ದು ನೆನಪಾಯಿತು; ಆರತಿ ತಟ್ಟೆಯನ್ನು ಪಕ್ಕಕ್ಕೆ ಸರಿಸಿ ಅವನಿಗೆ ಜಾಗ ಮಾಡಿಕೊಟ್ಟೆ.