ಖಾಲಿ ಬಸ್ಸಿನ ಹೊಗೆಯನ್ನು ಅಳೆದವರು

ವಾಹನಗಳು ಎಷ್ಟು ಇಂಧನ ಕುಡಿಯುತ್ತವೆ, ಎಷ್ಟು ಹೊಗೆ ಕಾರುತ್ತವೆ ಎಂಬುದನ್ನು ಗಣಿತದ ಮಾದರಿಗಳಲ್ಲಿ ಹಿಡಿದಿಡಬಲ್ಲ ವಿದ್ವಾಂಸರು ಬಹಳಿಲ್ಲ. ಮಾದರಿಯನ್ನು ಕಟ್ಟಿದ ಮೇಲೂ ಅದರ ಮೇಲಿನ ಅನುಮಾನ ಬಿಡದವರು ಇನ್ನೂ ವಿರಳ. ಸಾರಿಗೆ ಸಂಶೋಧನಾ ಸಂಸ್ಥೆಯಿಂದ ಈ ತಿಂಗಳು ನಿವೃತ್ತರಾಗುತ್ತಿರುವ ನಮ್ಮ ಹಿರಿಯ ವಿಜ್ಞಾನಿ ಆ ವಿರಳರ ಸಾಲಿಗೆ ಸೇರಿದವರು. ಕಾಲಿಗೆ ಚಕ್ರ ಕಟ್ಟಿಕೊಂಡವರಂತೆ ಓಡಾಡುವ ಅವರನ್ನು ಕಿರಿಯರು ಬೆನ್ನ ಹಿಂದೆ ‘ಚಕ್ರದಕ್ಕ’ ಎನ್ನುತ್ತಿದ್ದರು. ಅವರಿಗದು ಗೊತ್ತಿತ್ತು, ಬೇಸರವಿರಲಿಲ್ಲ.

ಕೆಲಸಕ್ಕೆ ಸೇರಿದ ಹೊಸದರಲ್ಲಿ ಪೆಟ್ರೋಲ್ ಬಂಕುಗಳ ಮಾರಾಟದಿಂದ ನಗರದ ಹೊಗೆಯನ್ನು ಅಂದಾಜು ಮಾಡುವುದು ಅವರ ಪಾಲಿಗೆ ಬಂತು. ಅಂಕಿಗಳು ಸರಿಯಾಗಿಯೇ ಕೂಡುತ್ತಿದ್ದವು. ಇವರಿಗೆ ಮಾತ್ರ ಸಮಾಧಾನವಿಲ್ಲ. ಯಾರು ಎಲ್ಲಿಗೆ ಏಕೆ ಹೊರಟರೆಂದು ತಿಳಿಯದೆ ಎಷ್ಟು ಸುಟ್ಟರೆಂದು ತಿಳಿದು ಏನು ಫಲವೆಂದು, ಚೌಕಗಳಲ್ಲಿ ನಿಂತು ವಾಹನ ಎಣಿಸುತ್ತಿದ್ದರು. ಮನೆಯಲ್ಲೂ ಊಟದ ನಡುವೆ ಕಿಟಕಿಯಾಚೆಗೇ ಕಣ್ಣು. “ನಿನ್ನ ತಟ್ಟೆ ಇಲ್ಲಿದೆ ಕಣೇ, ರಸ್ತೇಲಿಲ್ಲ,” ಎಂದು ಪತಿ ನಗುತ್ತಿದ್ದುದುಂಟು.

ಸೇವೆಯ ನಡುಘಟ್ಟದಲ್ಲಿ ಬಸ್ಸುಗಳ ಪ್ರಶ್ನೆ ಬಂತು. ಹೊರವಲಯದ ಬಡಾವಣೆಗಳ ಬಸ್ಸುಗಳು ಹೆಚ್ಚುಪಾಲು ಖಾಲಿ ಓಡುತ್ತಿವೆ, ನಿಲ್ಲಿಸಿದರೆ ಡೀಸೆಲ್ ಉಳಿದು ಹೊಗೆ ತಗ್ಗುತ್ತದೆ ಎಂಬುದು ಸಾರಿಗೆ ಇಲಾಖೆಯ ಎಣಿಕೆ. ಸಂಸ್ಥೆಯ ಮಾದರಿಯೂ ಅದಕ್ಕೆ ತಲೆಯಾಡಿಸಿತು. ವರದಿಗೆ ಇವರ ಸಹಿಯೊಂದೇ ಬಾಕಿ. ಇವರು ಸಹಿ ಹಾಕದೆ ಹೋಗಿ ಅಂಥದೊಂದು ಬಸ್ಸನ್ನೇ ಹತ್ತಿದರು.

ಪಕ್ಕದಲ್ಲಿ ಕೂತಿದ್ದ ನರ್ಸನ್ನು ಕೇಳಿದರು: “ಈ ಬಸ್ ನಿಂತ್ರೆ ಏನ್ ಮಾಡ್ತೀರಮ್ಮ?”

“ಮಾಡೋದೇನು ಬಂತು, ಡ್ಯೂಟಿ ಬಿಡೋಕಾಗತ್ತಾ? ಸ್ಕೂಟರ್ ಅಂದ್ರೆ ಭಯ ನಂಗೆ. ಆದ್ರೂ ಕಲೀಲೇಬೇಕು.”

ಆ ಮಾತು ತಲೆ ಕೊರೆಯತೊಡಗಿತು. ಬಸ್ಸು ನಿಂತರೆ ಪ್ರಯಾಣವೂ ನಿಲ್ಲುತ್ತದೆಂದು ಮಾದರಿ ನಂಬಿತ್ತು. ಶಿಷ್ಯರನ್ನು ಕಟ್ಟಿಕೊಂಡು ಮನೆಮನೆಗೆ ಹೋಗಿ, ಯಾರು ಯಾವ ವಾಹನಕ್ಕೆ ಹೊರಳುವರೆಂದು ವಿಚಾರಿಸಿ, ಲೆಕ್ಕವನ್ನು ಬುಡದಿಂದ ಹಾಕಿದಾಗ ಹೊಗೆ ತಗ್ಗಲಿಲ್ಲ, ಏರಿತು.

“ಮೇಡಂ, ಇಲಾಖೆಯವ್ರು ಕೇಳಿದ್ದು ಬಸ್ಸಿನ ಹೊಗೆ, ಸ್ಕೂಟರಿನದಲ್ಲ,” ಎಂದರು ಅಂದಿನ ನಿರ್ದೇಶಕರು.

“ಗಾಳಿಗೆ ಆ ವ್ಯತ್ಯಾಸ ಗೊತ್ತಾಗಲ್ಲ ಸಾರ್.”

ವರದಿಗೆ ಬೇರೊಬ್ಬರು ಸಹಿ ಹಾಕಿದರು. ಬಸ್ಸುಗಳು ನಿಂತವು. ಇವರನ್ನು ತರಬೇತಿ ವಿಭಾಗಕ್ಕೆ ಎತ್ತಿಹಾಕಲಾಯಿತು. ತಮ್ಮ ಎಣಿಕೆಯೇ ತಪ್ಪಿದ್ದರೆ ಎಂಬ ಅಳುಕು ಅವರನ್ನು ನಿಂತಲ್ಲಿ ನಿಲ್ಲಗೊಡುತ್ತಿರಲಿಲ್ಲ. ಆ ದಿನಗಳಲ್ಲೇ, ಕೂಸಿನೊಂದಿಗೆ ಕೆಲಸಕ್ಕೆ ಮರಳಿದ ಕಿರಿಯ ಸಂಶೋಧಕಿಗೆ ತಮ್ಮ ಕೋಣೆಯನ್ನೇ ಬಿಟ್ಟುಕೊಟ್ಟು, “ನಾನ್ ಹೇಗೂ ಕುರ್ಚೀಲಿ ಕೂರೋಳಲ್ಲ, ನೀನಾದ್ರೂ ಕೂತ್ಕೋ,” ಎಂದು ಮೊಗಸಾಲೆಯ ಮೇಜಿಗೆ ಬಂದರು. ಇಂದು ಸಂಸ್ಥೆಯ ಮಾದರಿಯ ಹೊಣೆ ಹೊತ್ತಿರುವವರು ಆ ಸಂಶೋಧಕಿಯೇ.

ತರಬೇತಿಯ ಪಾಠವೆಂದೇ ಅವರು ಅದೇ ಚೌಕಗಳಲ್ಲಿ ಶಿಷ್ಯರಿಂದ ಮತ್ತೆ ವಾಹನಗಳ ಎಣಿಕೆ ಮಾಡಿಸಿದರು. ಹೊಗೆ ಏರಿದ್ದು ದಿಟವಾಗಿತ್ತು. ಇಲಾಖೆಗೆ ಹೊಸದಾಗಿ ಬಂದ ಕಾರ್ಯದರ್ಶಿಗಳು ಫಲಿತಾಂಶ ನೋಡಿ, “ಅಂದ್ರೆ ನೀವು ಹೇಳಿದ್ದೇ ಆಯ್ತು,” ಎಂದರು.

“ನಾನು ಹೇಳಿದಷ್ಟು ಆಗಿಲ್ಲ ಸಾರ್, ಸ್ವಲ್ಪ ಕಡಿಮೆ. ಎಲ್ಲಿ ತಪ್ಪಿದೀನಿ ಅಂತ ಹುಡುಕ್ತಿದೀನಿ.”

ಆ ಉತ್ತರ ಕೇಳಿದ ಮೇಲೆಯೇ ಕಾರ್ಯದರ್ಶಿಗಳಿಗೆ ಉಳಿದ ಅಂಕಿಗಳಲ್ಲೂ ನಂಬಿಕೆ ಹುಟ್ಟಿತಂತೆ. ಆ ಬಡಾವಣೆಗಳಿಗೆ ಸಣ್ಣ ಬಸ್ಸುಗಳು ಓಡಲಾರಂಭಿಸಿದವು. ಇವರು ತಮ್ಮ ವಿಭಾಗಕ್ಕೆ ಮರಳಿದರು. ಆದರೆ ಸ್ಕೂಟರು, ಕಾರು ಕೊಂಡವರಲ್ಲಿ ಅನೇಕರು ಬಸ್ಸಿಗೆ ಮರಳಲಿಲ್ಲ. ಎಲ್ಲರೂ ಅಭಿನಂದಿಸಿದಾಗ ಚಕ್ರದಕ್ಕನ ಮುಖ ಅರಳದಿದ್ದುದು ಅದಕ್ಕೇ. ಒಮ್ಮೆ ಬಿಟ್ಟುಹೋದ ಪ್ರಯಾಣಿಕರನ್ನು ಯಾವ ಸಮೀಕರಣವೂ ಕರೆತರದೆಂಬ ಕೊರಗು ಅವರನ್ನು ಈಗಲೂ ಬಿಟ್ಟಿಲ್ಲ.

ಮೊನ್ನೆ ಈಗಿನ ನಿರ್ದೇಶಕರು, “ಇನ್ಮೇಲಾದ್ರೂ ಆರಾಮಾಗಿರಿ,” ಎಂದರು. “ಲಾರಿಗಳು ಸರಕು ಇಳಿಸಿ ಖಾಲಿ ಬರ್ತಾವಲ್ಲ, ಆ ಲೆಕ್ಕ ಯಾರೂ ಮುಟ್ಟಿಲ್ಲ,” ಎನ್ನುತ್ತ ಚಕ್ರದಕ್ಕ ಆಗಲೇ ಬಾಗಿಲು ದಾಟಿದ್ದರು. ಇಂಥವರಿಗೆ ವಿಶ್ರಾಂತಿಯನ್ನು ಹಾರೈಸುವ ಧೈರ್ಯ ನಮಗಿಲ್ಲ. ತುಂಬು ಆಯುಷ್ಯವೂ ಗಟ್ಟಿ ಮೊಣಕಾಲುಗಳೂ ಅವರವಾಗಲಿ. ಅವರ ಹಿಂದೆ ಓಡುವಷ್ಟು ಉಸಿರು ನಮಗಿರಲಿ.