ಗೋಡಿನ ಜೊತೆ ಹೋದ ಹೂವು

ಏಪ್ರಿಲ್ 11, ಬೆಳಿಗ್ಗೆ 6.20. ಹಳೇಬೀಡು ಮತ್ತು ಹಗರೆಯ ನಡುವಿನ ಕೆರೆ ಏರಿಯ ಮೇಲೆ ಕಾರು ನಿಂತಾಗ, ಒಣಗಿದ ಕೆರೆಯಲ್ಲಿ ಜೆಸಿಬಿ ಹೊಲಕ್ಕೆ ಹಾಕುವ ಗೋಡುಮಣ್ಣು ತೋಡುತ್ತಿತ್ತು.

ಪಕ್ಕದಲ್ಲಿದ್ದ ಯುರೋಪಿನ ಸಸ್ಯವಿಜ್ಞಾನಿ ಮಹಿಳೆ ನನ್ನ ಮಣಿಕಟ್ಟು ಹಿಡಿದುಕೊಂಡರು. ಅರಸೀಕೆರೆಯವಳಾದ ನಾನು ಅವರಿಗೆ ನಾಲ್ಕು ದಿನದ ದುಭಾಷಿ. ಅವರಿಗೆ ಎಪ್ಪತ್ತೊಂಬತ್ತು. ಇಪ್ಪತ್ತಾರನೆಯ ವಯಸ್ಸಿನಲ್ಲಿ ಇದೇ ಕೆರೆಯಲ್ಲಿ ಬೆರಳುದ್ದದ ಗಿಡವೊಂದನ್ನು ಕಂಡು, ಇದು ಬೇರೆಯೇ ಪ್ರಭೇದ ಎಂದು ಬರೆದಿದ್ದರು. ಆಗ ಸಿಕ್ಕಿದ್ದು ಕಾಯಿ ಮಾತ್ರ. ಅವರು ಪಾಠ ಹೇಳಿ ನಿವೃತ್ತರಾದ ಮೇಲೂ ಜೊತೆಯವರು ಅದು ಮಾಮೂಲಿ ಗಿಡವೆಂದೇ ತಳ್ಳಿಹಾಕುತ್ತಿದ್ದರು. ಹೂವಿನೊಳಗೆ ಕೇಸರ ಎರಡಿದ್ದರೆ ಇವರ ಮಾತು ಸರಿ, ನಾಲ್ಕಿದ್ದರೆ ಅವರದು. ಹೂವು ಬೆಳಿಗ್ಗೆ ಅರಳಿ ಒಂಬತ್ತಕ್ಕೆ ಉದುರುತ್ತದೆ. ಮಧ್ಯಾಹ್ನ ಅರಸೀಕೆರೆಯಲ್ಲಿ ರೈಲು. ಈ ಮಂಡಿಗಳನ್ನು ಇಟ್ಟುಕೊಂಡು ಮತ್ತೆ ಬರಲಾರೆ ಎಂದಿದ್ದರು.

ಹಿಂದಿನ ಸಂಜೆ ಮೊಗ್ಗು ಕಂಡ ಕಡೆ ನಾನು ಕಡ್ಡಿ ನೆಟ್ಟಿದ್ದೆ. ಈಗ ಅಲ್ಲಿ ಗುಂಡಿ.

"ಆ ಗೋಡು ಆಗ್ಲೇ ನಮ್ಮೊಲಕ್ಕೆ ಹೋಯ್ತು ಕಣಮ್ಮ," ಎಂದರು ಟ್ರ್ಯಾಕ್ಟರಿನ ಮೇಲಿದ್ದ ರೈತ. "ಯಾಕೆ, ಬಂಗಾರ ಗಿಂಗಾರ ಬಿದ್ದಿತ್ತಾ?"

"ಗಿಡ ಇತ್ತು. ಹೂವು ಬಿಡೋದ್ರಲ್ಲಿತ್ತು."

"ಕಳೆ ಹುಡುಕ್ಕೊಂಡು ವಿಮಾನ ಹತ್ತಿ ಬಂದವ್ರಾ! ನಮ್ಮನೆಯವಳು ದಿನಾ ಕಿತ್ತು ಬಿಸಾಕ್ತಾಳೆ." ನಕ್ಕು ಟ್ರ್ಯಾಕ್ಟರ್ ತಿರುಗಿಸಿದರು. "ಹಿಂದೇನೇ ಬನ್ನಿ. ಎಂಟಕ್ಕೆ ರೋಟವೇಟರ್ ಬತ್ತೈತೆ, ಎಲ್ಲ ಪುಡಿ ಮಾಡ್ಬಿಡ್ತೈತೆ."

ಹೊಲದಲ್ಲಿ ಒಂಬತ್ತು ಗುಡ್ಡೆ. ನಾನು ಬೇಡವೆಂದರೂ ಕೇಳದೆ ವಿಜ್ಞಾನಿ ಮಂಡಿಯೂರಿದರು. ನಾನು ಇನ್ನೊಂದು ಬದಿಯಿಂದ ಹೆಂಟೆ ಒಡೆಯತೊಡಗಿದೆ. ಬೇರು, ಬಸವನಹುಳುವಿನ ಚಿಪ್ಪು, ಬಿಯರ್ ಬಾಟಲಿಯ ಚೂರು. ಏಳನೆಯ ಗುಡ್ಡೆಗೆ ಬರುವಷ್ಟರಲ್ಲಿ ರೋಟವೇಟರ್ ಬದುವಿಗೆ ಬಂದು ಹಾರನ್ ಹೊಡೆಯಿತು.

"ಇರ್ಲಾ! ಅಜ್ಜಿ ಕೈ ಒಳಗೈತೆ, ಕಣ್ಣು ಕಾಣಲ್ವಾ?" ರೈತ ಅಡ್ಡ ನಿಂತು ಕೂಗಿದರು.

ಅಷ್ಟರಲ್ಲಿ ವಿಜ್ಞಾನಿ ನನ್ನನ್ನು ಕರೆದರು. ಹೆಂಟೆಯ ಅಡಿಯಲ್ಲಿ ಗಿಡ, ಅದರಲ್ಲಿ ಒಂದೇ ಹೂವು, ತಿಳಿ ನೇರಳೆ. ಅರ್ಧ ಜಜ್ಜಿಹೋಗಿತ್ತು. ಅವರು ಮಸೂರವನ್ನು ಕಣ್ಣಿಗೊತ್ತಿ ಬಹಳ ಹೊತ್ತು ನೋಡಿದರು.

"ಎರಡು ಕಾಣುತ್ತಿವೆ. ಜಜ್ಜಿದ ಕಡೆ ಇನ್ನೆರಡು ಇದ್ದವೋ ಇಲ್ಲವೋ."

"ಎರಡೆಂದೇ ಬರೆಯಬಹುದಲ್ಲ?" ಎಂದೆ.

"ನನ್ನ ವಿದ್ಯಾರ್ಥಿಗಳು ಹಾಗೆ ಬರೆದಿದ್ದರೆ ಫೇಲ್ ಮಾಡುತ್ತಿದ್ದೆ," ಎಂದು ಗಿಡವನ್ನು ಕಾಗದದ ನಡುವೆ ಇಟ್ಟರು. ನಾನು ತೋಳು ಹಿಡಿದು ಎಬ್ಬಿಸಿದೆ.

ಆ ಕೆರೆಯ ಗೋಡು ಹಗರೆಯ ಸುತ್ತಲಿನ ಹಲವು ಹೊಲಗಳಿಗೆ ಬಿದ್ದಿದೆ, ಬೀಜವೂ ಬಿದ್ದಿರಬೇಕು. ನಿಮ್ಮ ಹೊಲದ ತೇವದಲ್ಲಿ ಇಂಥ ಗಿಡ ಕಂಡರೆ, ಒಂಬತ್ತರೊಳಗೆ ಹೂವು ಬಿಡಿಸಿ ಕೇಸರ ಎಣಿಸಿ, ಈ ಪತ್ರಿಕೆಯ ವಿಳಾಸಕ್ಕೆ ನನ್ನ ಹೆಸರಿಗೆ ಬರೆಯಿರಿ. ನಾಲ್ಕಿದ್ದರೂ ಬರೆಯಿರಿ. ಅವರಿಗೆ ತಿಳಿಸುವ ಹೊಣೆ ನನ್ನದು.